ಹಪ್ಪಳದ ಮಷೀನಿನ ಕೆಂಪು ಗುಂಡಿ

ಹಪ್ಪಳದ ಮಷೀನಿನ ರೋಲರಿಗೆ ಹಿಟ್ಟು ಮೆತ್ತಿದಾಗಲೆಲ್ಲ ನಿಂಗವ್ವ ಕೆಂಪು ಗುಂಡಿ ಒತ್ತಿ, ಮಷೀನು ನಿಂತ ಮೇಲೆ ಕೆರೆಯುತ್ತಿದ್ದಳು. ಸಾವ್ಕಾರ ಶಿವಪುತ್ರಪ್ಪನಿಗೆ ಅದೇ ಉರಿ.

"ತಿರುಗೂವಾಗನ ಕೆರಿ! ನಿಲ್ಲಸಬೇಕಂದ್ರ ಚೀಟಿ ಮ್ಯಾಲೆ ನನ್ನ ಸಹಿ ಬೇಕು!"

ಬೆರಳು ಕಳೆದುಕೊಳ್ಳುವುದಕ್ಕಿಂತ ಕಾಲು ಸವೆಸುವುದೇ ಮೇಲು ಎಂದುಕೊಂಡಳು ನಿಂಗವ್ವ. ಮರುದಿನ ಹಿಟ್ಟು ಮೆತ್ತಿದಾಗೊಮ್ಮೆ ಚೀಟಿ ಹಿಡಿದು ಪಕ್ಕದ ಅವನ ಮನೆಗೆ ಓಡಿದಳು. ಸಹಿಯಾಗುವಷ್ಟರಲ್ಲಿ ಇತ್ತ ತಿರುಗುತ್ತಲೇ ಇದ್ದ ಮಷೀನಿನಲ್ಲಿ ಬುಟ್ಟಿಗಟ್ಟಲೆ ಹಪ್ಪಳ ಹರಿದು ಹಾಳು. ಸಾವ್ಕಾರ ಊಟಕ್ಕೆ ಕೂತರೆ ಚೀಟಿ, ಅಡ್ಡಾದರೆ ಚೀಟಿ. ಒಂಬತ್ತನೆಯದಕ್ಕೆ ಬಚ್ಚಲ ಬಾಗಿಲನ್ನೇ ಬಡಿದಳು.

"ಮೈಯೆಲ್ಲ ಸಾಬೂನೈತಿ!"

"ಸಂದಿಯಿಂದ ಕೈಯಷ್ಟ ಹೊರಗ ಹಾಕ್ರಿ, ಹೆಬ್ಬೆಟ್ಟು ಒತ್ತಿಸ್ಕೋತೀನಿ."

"ಯವ್ವಾ, ಬೇಕಾದಾಗ ನಿಲ್ಲಸು! ನನ್ನ ಕೇಳಬ್ಯಾಡ!"

ನಿಂಗವ್ವ ಚೀಟಿ, ಪೆನ್ನು ಎರಡನ್ನೂ ಬಾಗಿಲ ಕೆಳಗೆ ತಳ್ಳಿದಳು.

"ಹಂಗಂತ ಬರದು ಸಹಿ ಮಾಡ್ರಿ."