ಎಳ್ಳು ಬೀರು ಎಂದರೆ...

ಕೇಳಿ ಮಕ್ಕಳೇ, ಹೊಂಗೆ ಮರಗಳ ಒಂದು ಕಾಡಿನಲ್ಲಿ ಚೂಪಮ್ಮ ಎಂಬ ಇಲಿ ಇದ್ದಳು. ಹುಟ್ಟಿ ಬೆಳೆದದ್ದು ಪೇಟೆಯಲ್ಲಿ, ಒಬ್ಬರ ಮನೆಯ ಕಬ್ಬಿಣದ ಬೀರುವಿನ ಕೆಳಗೆ. ಮಗಳು ಚುಕ್ಕಿಯನ್ನು ಕರೆದುಕೊಂಡು ಕಾಡಿಗೆ ಬಂದದ್ದು ಮೊನ್ನೆ ಮೊನ್ನೆ. ಯಾರು ಏನು ಹೇಳಿದರೂ "ಗೊತ್ತು ಬಿಡಿ, ನಾವು ಪೇಟೆಯವರು" ಎನ್ನುವುದು ಅವಳ ಚಾಳಿ. ಹೀಗಾಗಿ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಪಾಪ, ಚುಕ್ಕಿಗೆ ಆಡಲು ಜೊತೆಯೇ ಇರಲಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ಹಿಂದಿನ ದಿನ ಮೊಲದಜ್ಜಿ ಒಂದು ಬುಟ್ಟಿ ಹೊತ್ತು ತಂದಳು. ಅದರ ತುಂಬ ಕಾಡಿನವರೆಲ್ಲ ಕೂಡಿಸಿ ಕೊಟ್ಟ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ.

"ಈ ಸಲ ನಿಮ್ಮ ಮನೆಯಿಂದಲೇ ಆಗಲಿ ಚೂಪಮ್ಮ. ಹಾಗಾದರೂ ಮಕ್ಕಳು ಚುಕ್ಕಿಯ ಜೊತೆ ಸೇರಿಯಾರು. ಬೆಳಗ್ಗೆ ಎದ್ದವಳೇ ಎಳ್ಳು ಬೀರು, ಮರೀಬೇಡ."

ಚೂಪಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಎಳ್ಳಿಗೂ ಬೀರುವಿಗೂ ಏನು ಸಂಬಂಧ? ಸೀರೆ ಇಡುವ ಕಡೆ ಎಳ್ಳು ಇಡುತ್ತಾರೆಯೇ? ಪ್ರಶ್ನೆ ಬಾಯಿತುದಿಗೆ ಬಂತು. ಆದರೆ ಪೇಟೆಯವಳು ಕಾಡಿನವರನ್ನು ಕೇಳುವುದುಂಟೆ?

"ಗೊತ್ತು ಬಿಡಿ ಅಜ್ಜಿ," ಎಂದಳು.

ಕಾಡಿನಲ್ಲಿ ಬೀರು ಎಲ್ಲಿಂದ ಬರಬೇಕು? ಬೆಳಗ್ಗೆ ಹುಡುಕಿ ಹುಡುಕಿ ಕೊನೆಗೆ ಒಂದು ಮರದ ಪೊಟರೆಯಲ್ಲಿ ಬುಟ್ಟಿ ಇಟ್ಟು, ತೊಗಟೆಯ ಬಾಗಿಲು ಮುಚ್ಚಿದಳು. ಇದೆಂಥ ಹಬ್ಬವೋ ಏನೋ ಎಂದುಕೊಂಡೇ ಮನೆಗೆ ಬಂದಳು.

ಬಾಗಿಲಲ್ಲಿ ಮಕ್ಕಳ ಹಿಂಡೇ ನಿಂತಿತ್ತು.

"ಎಳ್ಳು ಎಲ್ಲಿ ಅತ್ತೆ?" ಎಂದ ಅಳಿಲು ಮರಿ.

"ಭದ್ರವಾಗಿದೆ. ಹಬ್ಬ ಮುಗಿಯಿತು, ಹೋಗಿ."

ಮಕ್ಕಳು ಮುಖ ಮುಖ ನೋಡಿಕೊಂಡರು. "ಎಲ್ಲ ಇವರೇ ತಿಂದಿದ್ದಾರೆ ಕಣ್ರೋ. ಚುಕ್ಕಿಯ ಜೊತೆ ಟೂ," ಎಂದು ಅಳಿಲು ಮರಿ ಹೊರಟೇಬಿಟ್ಟ.

ಚುಕ್ಕಿ ಅಳುತ್ತ ಅಜ್ಜಿಯ ಬಳಿ ಓಡಿದಳು. "ಅಜ್ಜಿ, ಅಮ್ಮ ಎಳ್ಳನ್ನು ಬೀರುವಿನಲ್ಲೇ ಇಟ್ಟಿದ್ದಾಳೆ. ಇನ್ನೇನು ಮಾಡಬೇಕಿತ್ತು?"

ಅಜ್ಜಿಗೂ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೀರೋದು ಅಂದರೆ ಮನೆಮನೆಗೆ ಹಂಚೋದು ಕಣೇ."

ಸದ್ಯ, ಅಜ್ಜಿ ಮೊದಲೇ 'ಹಂಚು' ಎನ್ನಲಿಲ್ಲ. ಎಂದಿದ್ದರೆ ಚೂಪಮ್ಮ ಎಳ್ಳನ್ನು ಸೂರಿನ ಮೇಲೆ ಹೊದಿಸುತ್ತಿದ್ದಳೇನೋ.

ಅಜ್ಜಿ ಚೂಪಮ್ಮನನ್ನೂ ಮಕ್ಕಳನ್ನೂ ಕೂಗಿ ಕರೆದಳು. ಎಲ್ಲರೂ ಪೊಟರೆಗೆ ಓಡಿದರು. ತೆರೆದರೆ ಇರುವೆಗಳ ಜಾತ್ರೆ. ಬೆಲ್ಲವಿಲ್ಲ, ಕೊಬ್ಬರಿಯಿಲ್ಲ, ಬುಟ್ಟಿಯ ತಳದಲ್ಲಿ ಒಂದು ಹಿಡಿ ಎಳ್ಳು ಮಾತ್ರ ಉಳಿದಿತ್ತು. ಚೂಪಮ್ಮ ತಲೆ ತಗ್ಗಿಸಿದಳು. "ನನಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಯಿತು," ಎಂದಳು.

ಚುಕ್ಕಿ ಒಬ್ಬೊಬ್ಬರ ಅಂಗೈಗೂ ಒಂದು ಚಿಟಿಕೆ ಎಳ್ಳು ಹಾಕಿದಳು.

"ಬೆಲ್ಲವೇ ಇಲ್ಲವಲ್ಲ," ಎಂದ ಅಳಿಲು ಮರಿ.

"ಬೆಲ್ಲದ ಬದಲು ಒಂದು ಒಳ್ಳೆ ಮಾತಾಡು," ಎಂದಳು ಅಜ್ಜಿ.

ಅಳಿಲು ಮರಿ ಯೋಚಿಸಿದ. "ಆಡೋಣ ಬಾ ಚುಕ್ಕಿ," ಎಂದ.

ಚೂಪಮ್ಮ ಕಣ್ಣೊರೆಸಿಕೊಂಡು ಮೊದಲ ಸಲ ಬಾಯಿಬಿಟ್ಟು ಕೇಳಿದಳು, "ಅಜ್ಜಿ, ಮುಂದೆ ಶಿವರಾತ್ರಿಯಂತೆ. ಅವತ್ತು ಏನು ಮಾಡಬೇಕು?"

"ಉಪವಾಸ."

"ಅದು ಇವತ್ತೇ ಆಯಿತಲ್ಲ," ಎಂದಳು ಚುಕ್ಕಿ.

ನೀತಿ: ಗೊತ್ತಿಲ್ಲದ್ದನ್ನು ಕೇಳಿದರೆ ಮಾನ ಹೋಗುವುದಿಲ್ಲ, ಕೇಳದಿದ್ದರೆ ಮಾನವೂ ಹೋದೀತು, ಬೆಲ್ಲವೂ ಹೋದೀತು.