ಸವೆದ ಟೇಪು

"ಮಾಸ್ತರ್, ಹೋದ ವರ್ಷ ಈ ಸಾಲು ನೀವು ಬ್ಯಾರೆ ರೀತಿ ಕಲಿಸಿದ್ರಿ, ನಿನ್ನೆ ಬ್ಯಾರೆ ರೀತಿ ಬಾರಿಸಿದ್ರಿ. ಎರಡರಾಗ ಖರೇ ಯಾವುದ್ರಿ?" ಎಂದು ಬಸವಂತ ಕೇಳಿದ.

ಕೇಳಿದ್ದು ಏಕಾಂತದಲ್ಲಿ ಅಲ್ಲ. ಹುಬ್ಬಳ್ಳಿಯ ಕರುಣಾಕರ ಮಾಸ್ತರರ ಗಿಟಾರ್ ಪಾಠದ ಕೋಣೆಯಲ್ಲಿ ಉಳಿದ ಶಿಷ್ಯರೆಲ್ಲ ಕೂತಿದ್ದಾಗ ಕೇಳಿದ. ಕೇಳಿ ಸುಮ್ಮನೂ ಆಗಲಿಲ್ಲ. ಜೇಬಿನಿಂದ ಮೊಬೈಲು ತೆಗೆದು, ಹೋದ ವರ್ಷ ತಾನು ರೆಕಾರ್ಡ್ ಮಾಡಿಕೊಂಡಿದ್ದ ಪಾಠವನ್ನು ಎಲ್ಲರಿಗೂ ಕೇಳುವಂತೆ ಹಚ್ಚಿದ. ಅದರಲ್ಲಿ ಮಾಸ್ತರರ ಗಿಟಾರ್ ಆ ಸಾಲಿನ ಕೊನೆಗೆ ಮೇಲೇರಿ ನಿಲ್ಲುತ್ತಿತ್ತು. ನಿನ್ನೆ ಅದೇ ಸಾಲು ಕೆಳಗಿಳಿದು ನಿಂತಿತ್ತು.

ಬಸವಂತನಲ್ಲಿ ಕೊಂಕು ಇರಲಿಲ್ಲ. ಗುರುಗಳು ಕೊಟ್ಟದ್ದನ್ನು ಎಳ್ಳಷ್ಟೂ ಕೆಡಿಸದೆ ಉಳಿಸಿಕೊಳ್ಳಬೇಕೆಂಬ ಹಟ ಅವನದು. ಈಗ ಗುರುಗಳೇ ತಪ್ಪಿದರೆ ತಾನು ಯಾವುದನ್ನು ಹಿಡಿಯಬೇಕು ಎಂದು ನಿನ್ನೆಯಿಂದ ಅವನಿಗೆ ಅನ್ನವೂ ರುಚಿಸಿರಲಿಲ್ಲ. ಮಾಸ್ತರರು ರೆಕಾರ್ಡಿಂಗನ್ನು ಪೂರ್ತಿ ಕೇಳಿದರು. ಸಿಟ್ಟಾಗಲಿಲ್ಲ. ಮಡಿಲಲ್ಲಿದ್ದ ಗಿಟಾರನ್ನು ಗೋಡೆಗೆ ಒರಗಿಸಿ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಯುವಕ ಇದ್ದ. ಮದುವೆ, ಆರತಕ್ಷತೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಕೈ ಚುರುಕು, ಕಿವಿ ಸೂಕ್ಷ್ಮ. ಮನಸ್ಸು ಮಾತ್ರ ಕಾದ ಹಂಚಿನ ಮೇಲೆ ಬಿದ್ದ ನೀರು, ಒಂದು ಕಡೆ ನಿಂತದ್ದೇ ಇಲ್ಲ.

ಅದೇ ಊರಿನಲ್ಲಿ ಒಬ್ಬ ಹಿರಿಯ ವಾದಕನೂ ಇದ್ದ. ಅವನು ಕಸುವಿನಲ್ಲಿದ್ದ ಕಾಲದಲ್ಲಿ ರೈಲ್ವೆ ಕಾಲೊನಿಯ ಸಭಾಂಗಣದಲ್ಲಿ ಒಂದು ಸಂಜೆ ನುಡಿಸಿದ್ದನ್ನು ಯಾರೋ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ಆ ನಾದಕ್ಕೆ ಗಂಟೆಯ ಸ್ಪಷ್ಟತೆ ಇತ್ತು, ಆದರೆ ಕಿವಿಗೆ ಚುಚ್ಚುತ್ತಿರಲಿಲ್ಲ. ಹಿರಿಯ ಈಗಲೂ ಭಾನುವಾರ ಚರ್ಚಿನಲ್ಲಿ ನುಡಿಸುತ್ತಿದ್ದ. ಕಣ್ಣು ಮುಚ್ಚಿ ನುಡಿಸುವುದು ಅವನ ಅಭ್ಯಾಸ. ಹಾಡು ಮುಗಿದ ಮೇಲೇ ಅವನು ಜನರ ಮುಖ ನೋಡುತ್ತಿದ್ದದ್ದು. ಯುವಕನ ಆಸೆ ಕಂಡು, ತನ್ನ ಹತ್ತಿರ ಇದ್ದ ಒಂದೇ ಕ್ಯಾಸೆಟ್ಟನ್ನು ಪ್ರೀತಿಯಿಂದ ಅವನ ಕೈಗಿಟ್ಟಿದ್ದ.

ಅಂದಿನಿಂದ ಯುವಕನಿಗೆ ಅದೇ ಹುಚ್ಚು. ಆ ನಾದ ತನ್ನ ಗಿಟಾರಿನಲ್ಲಿ ಬರಬೇಕು, ಬರದಿದ್ದರೆ ತಾನು ನುಡಿಸಿದ್ದೆಲ್ಲ ದಂಡ ಎಂದುಕೊಂಡ. ಹಿರಿಯನ ಹತ್ತಿರ ಇದ್ದಂಥದೇ ಹಳೆಯ ಗಿಟಾರನ್ನು ಊರೂರು ತಿರುಗಿ ಹುಡುಕಿ ತಂದ. ಮುಚ್ಚಿಹೋದ ಒಂದು ಆರ್ಕೆಸ್ಟ್ರಾದ ಗೋದಾಮಿನಿಂದ, ಗಾಜಿನ ವಾಲ್ವುಗಳು ಕಾದು ಕೆಂಪಾದ ಮೇಲೇ ದನಿ ಬಿಡುವ ಹಳೆಯ ಕಾಲದ ಆಂಪ್ಲಿಫೈಯರು ಹೊತ್ತು ತಂದ. ಎರಡನ್ನೂ ಜೋಡಿಸಿ ಹಿರಿಯನನ್ನು ಮನೆಗೆ ಕರೆದ.

ಹಿರಿಯ ಬಂದು ಕೂತು ಕೇಳಿದ. ಕೇಳುತ್ತ ಕೇಳುತ್ತ ಅವನ ಕಣ್ಣು ತುಂಬಿತು. ಇದೇ, ಇದೇ ನನ್ನದು ಎಂದ. ತನ್ನ ಹಳೆಯ ದಿನಗಳು ಇನ್ನೊಬ್ಬನ ಕೈಯಲ್ಲಿ ಬದುಕಿದವಲ್ಲ ಎಂದು ಅವನಿಗೆ ನಿಜವಾಗಿ ಸಂತೋಷವಾಯಿತು. ಚಹಾ ಕುಡಿದು, ಯುವಕನ ಬೆನ್ನು ತಟ್ಟಿ ಹೋದ.

ಯುವಕ ಅಲ್ಲಿಗೇ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಅವನು ಬಿಡುವವನಲ್ಲ. ಖುಷಿಗೆ ಇನ್ನೊಮ್ಮೆ ಟೇಪು ಹಚ್ಚಿದ. ಟೇಪಿನ ನಾದ ತನ್ನದಕ್ಕಿಂತ ಒಂದು ಕೂದಲೆಳೆಯಷ್ಟು ಮೆತ್ತಗಿದೆ ಅನ್ನಿಸಿತು. ತಿರುಗಿಸಿ ಹಚ್ಚಿದ. ಹೌದು, ಮೆತ್ತಗಿದೆ. ಹಿರಿಯನಿಗೆ ಇದು ಕೇಳಲಿಲ್ಲವಲ್ಲ, ಪಾಪ, ಅವನ ಕಿವಿಗೆ ವಯಸ್ಸಾಗಿದೆ, ಟೇಪಿಗೇನು ವಯಸ್ಸಾಗುತ್ತದೆ ಎಂದುಕೊಂಡ.

ವಯಸ್ಸಾಗುತ್ತಿದ್ದದ್ದು ಟೇಪಿಗೇ. ಕ್ಯಾಸೆಟ್ಟಿನ ಟೇಪು ಯಂತ್ರದಲ್ಲಿ ಒಮ್ಮೆ ಓಡಿದರೆ ಒಂದಿಷ್ಟು ಸವೆಯುತ್ತದೆ. ಮೊದಲು ಹೋಗುವುದು ನಾದದ ಮೊನಚು. ಆಮೇಲೆ ಟೇಪು ಹಿಗ್ಗಿ, ಶ್ರುತಿಯೂ ತುಸು ಕೆಳಗಿಳಿಯುತ್ತದೆ. ಯುವಕನ ಟೇಪ್ ರೆಕಾರ್ಡರೂ ಹಳೆಯದು, ಧೂಳು ತಿಂದದ್ದು. ಒಂದು ಸಲ ಸವೆಯುವಲ್ಲಿ ಎರಡು ಸಲದಷ್ಟು ಸವೆಸುತ್ತಿತ್ತು. ಆರ್ಕೆಸ್ಟ್ರಾದವನಿಗೆ ಇಷ್ಟು ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿತ್ತು. ಆದರೆ ಬೆನ್ನು ಹತ್ತಿದವನಿಗೆ ಮುಂದಿನದಷ್ಟೇ ಕಾಣುತ್ತದೆ, ಕಾಲ ಕೆಳಗಿನದು ಕಾಣುವುದಿಲ್ಲ. ಅವನು ಟೇಪು ಹಚ್ಚುವನು, ಗಿಟಾರ್ ನುಡಿಸುವನು, ವ್ಯತ್ಯಾಸ ಕಂಡು ಮತ್ತೆ ಟೇಪು ಹಚ್ಚುವನು. ಹೋಲಿಸಿದಷ್ಟೂ ಟೇಪು ಸವೆಯಿತು. ಸವೆದಷ್ಟೂ ವ್ಯತ್ಯಾಸ ಹೆಚ್ಚಾಯಿತು.

ಮೊದಲು ಕಾಲಲ್ಲಿ ಒತ್ತುವ ಡಬ್ಬಿಗಳನ್ನು ತಂದ. ಒಂದು ದನಿಯನ್ನು ಹಿಗ್ಗಿಸುವುದು, ಇನ್ನೊಂದು ದನಿಗೆ ಮಾರ್ದನಿ ಸೇರಿಸುವುದು. ನಾಲ್ಕು ದಿನ ಅದೇ ಎಂದು ಕುಣಿದ, ಐದನೆಯ ದಿನ ಅಲ್ಲ ಎಂದು ಮೂಲೆಗೆ ಸರಿಸಿದ. ಆಮೇಲೆ ಗಿಟಾರಿನ ಹೊಟ್ಟೆ ಬಿಚ್ಚಿದ. ತಂತಿಗಳ ಕೆಳಗೆ ಪಿಕಪ್ ಎಂಬುದೊಂದು ಇರುತ್ತದೆ. ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ಎಳೆ ಸುತ್ತಿರುತ್ತಾರೆ, ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಕೊಡುವುದು ಅದೇ. ಎಳೆ ಹೆಚ್ಚು ಸುತ್ತಿದರೆ ದನಿ ಮಂದವಾಗುತ್ತದೆ. ಇವನು ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತು ಹಳೆಯ ಎಳೆಯನ್ನು ಬಿಚ್ಚಿಸಿ ಎಸೆದು ಹೊಸದನ್ನು ಹೆಚ್ಚು ಸುತ್ತಿಸಿದ. ಆಂಪ್ಲಿಫೈಯರಿನಲ್ಲಿ ದನಿಯ ಮೊನಚು ತಗ್ಗಿಸುವ ಕಂಡೆನ್ಸರುಗಳನ್ನು ಬದಲಿಸಿದ. ಸ್ಪೀಕರಿನ ಮುಂದೆ ಬಟ್ಟೆ ಕಟ್ಟಿದ. ಟೇಪಿನ ಶ್ರುತಿ ಕೆಳಗಿದೆಯೆಂದು ತಂತಿಗಳನ್ನೂ ಸಡಿಲಿಸಿದ.

ಆರ್ಕೆಸ್ಟ್ರಾದ ಗಾಯಕ ಒಂದು ದಿನ ನಿನ್ನ ಗಿಟಾರಿಗೆ ನೆಗಡಿಯಾಗಿದೆ, ಕಷಾಯ ಕುಡಿಸು ಎಂದು ಚೇಷ್ಟೆ ಮಾಡಿದ. ಉಳಿದವರು ನಕ್ಕರು. ಯುವಕ ನಗಲಿಲ್ಲ. ಊಟಕ್ಕೆ ಕೂತರೂ ಅವನ ಒಂದು ಕಿವಿ ಟೇಪಿನಲ್ಲೇ ಇರುತ್ತಿತ್ತು. ಮದುವೆಮನೆಯಲ್ಲಿ ಜನ ಮೆಚ್ಚಿ ಚಪ್ಪಾಳೆ ಹೊಡೆದರೆ, ಇವರಿಗೇನು ಗೊತ್ತು ಎಂದು ಒಳಗೇ ಕುದಿಯುತ್ತಿದ್ದ.

ಕಡೆಗೂ ಒಂದು ದಿನ ಎರಡೂ ಕೂಡಿದವು. ಟೇಪು ನಿಲ್ಲಿಸಿ ಗಿಟಾರ್ ನುಡಿಸಿದರೆ ಎಲ್ಲಿ ಅದು ಮುಗಿಯಿತು, ಎಲ್ಲಿ ಇದು ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಯುವಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿಹೋಗಿ ಹಿರಿಯನನ್ನು ಕರೆತಂದು ಕೂರಿಸಿ ನುಡಿಸಿದ.

ಹಿರಿಯ ತಲೆ ತಗ್ಗಿಸಿ ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ: "ಇದು ನಂದಲ್ಲಪಾ."

"ನಿಮಗ ಮರತೈತ್ರಿ," ಎಂದ ಯುವಕ. "ಬೇಕಾದ್ರ ಟೇಪು ಕೇಳ್ರಿ."

ಟೇಪು ಹಚ್ಚಿದ. ಹಿರಿಯ ಕೇಳಿದ. ಇವನ ಗಿಟಾರಿನಲ್ಲಿ ಬಂದದ್ದೇ ಅದರಲ್ಲೂ ಬಂತು. ಸಭಾಂಗಣ ಅದೇ, ಹಾಡು ಅದೇ, ನುಡಿಸಿದವನು ತಾನೇ. ಇಲ್ಲ ಎನ್ನುವುದಾದರೂ ಹೇಗೆ? ಮುಂದಿಟ್ಟ ಚಹಾ ಹಾಗೇ ಬಿಟ್ಟು ಎದ್ದು ಹೋದ. ಯುವಕನಿಗೆ ಅದೂ ಗೆಲುವಿನ ಹಾಗೇ ಕಂಡಿತು. ಆದರೂ ಆ ಗೆಲುವು ಅವನಿಗೆ ಬಹಳ ದಿನ ದಕ್ಕಲಿಲ್ಲ. ಟೇಪು ಮತ್ತೆ ಒಂದಿಷ್ಟು ಮೆತ್ತಗಾದ ಹಾಗಿತ್ತು. ಮತ್ತೆ ರೇಡಿಯೊ ರಿಪೇರಿ ಅಂಗಡಿಗೆ ಹೋದ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಹಿರಿಯನ ಮಗಳು ಯುವಕನ ಬಾಗಿಲಿಗೆ ಬಂದಳು. ಬೇರೆ ಊರಿಗೆ ಮದುವೆಯಾಗಿ ಹೋದವಳು, ತವರಿಗೆ ಬಂದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. ನಮ್ಮಪ್ಪನಿಗೆ ಏನು ಹೇಳಿದೆ ನೀನು ಎಂದು ಹೊಸ್ತಿಲಲ್ಲೇ ನಿಂತು ಕೇಳಿದಳು. ಅಪ್ಪ ತನ್ನ ಗಿಟಾರನ್ನೂ ಅದೇ ರೇಡಿಯೊ ಅಂಗಡಿಗೆ ಒಯ್ದು, ನಿನ್ನ ಗಿಟಾರಿಗೆ ಮಾಡಿದಂತೆಯೇ ಮಾಡಿಸಿಕೊಂಡಿದ್ದಾರೆ. ಹಳೆಯ ಎಳೆ ಬಿಚ್ಚಿಸಿ ಎಸೆದಿದ್ದಾರೆ, ತಂತಿ ಸಡಿಲಿಸಿದ್ದಾರೆ. ಟೇಪು ಸುಳ್ಳು ಹೇಳುವುದಿಲ್ಲ, ನನ್ನ ಕಿವಿಯೇ ಕೆಟ್ಟಿದೆ ಅನ್ನುತ್ತಾರೆ. ಈಗ ಚರ್ಚಿಗೂ ಹೋಗುವುದನ್ನು ಬಿಟ್ಟಿದ್ದಾರೆ. ಇಷ್ಟನ್ನೂ ಹೇಳಿ ಅವಳು ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದು ಅವನ ಕೈಗೆ ತುರುಕಿದಳು. ಮದುವೆಯಾಗಿ ಹೋಗುವಾಗ ಅಪ್ಪನ ನೆನಪಿಗೆಂದು ಅದೇ ಟೇಪಿನಿಂದ ಮಾಡಿಸಿಕೊಂಡ ಪ್ರತಿ ಅದು. ಗಂಡನ ಮನೆಯಲ್ಲಿ ಹಚ್ಚಲು ಯಂತ್ರ ಇರಲಿಲ್ಲ. ಇಷ್ಟು ವರ್ಷ ಟ್ರಂಕಿನ ತಳದಲ್ಲೇ ಇತ್ತು.

ಅವಳು ಹೋದ ಮೇಲೆ ಯುವಕ ಅದನ್ನು ಹಚ್ಚಿದ. ಮೊದಲ ಸಾಲಿಗೇ ಅವನಿಗೆ ಗೊತ್ತಾಯಿತು. ಗಂಟೆಯ ಸ್ಪಷ್ಟತೆ ಅದರಲ್ಲಿ ಇತ್ತು. ಇದೇ ನನ್ನದು ಎಂದು ಹಿರಿಯ ಕಣ್ಣು ತುಂಬಿಕೊಂಡ ಮೊದಲ ದಿನ, ತನ್ನ ಗಿಟಾರಿನಲ್ಲಿ ಬಂದದ್ದು ಈ ನಾದವೇ. ಅಂದು ಕೈಯಲ್ಲಿ ಇದ್ದದ್ದನ್ನು ತಾನೇ ಬಿಚ್ಚಿ ಎಸೆದಿದ್ದ. ತನ್ನದು ಹೋದದ್ದಕ್ಕೆ ಅವನಿಗೆ ಅಷ್ಟು ಸಂಕಟವಾಗಲಿಲ್ಲ. ನಿಮಗೆ ಮರೆತಿದೆ ಎಂದು ಹಿರಿಯನಿಗೆ ಹೇಳಿದ್ದಕ್ಕೇ ಆಯಿತು. ಎರಡೂ ಕ್ಯಾಸೆಟ್ಟು ಹಿಡಿದು ಹಿರಿಯನ ಮನೆಗೆ ಓಡಿದ.

ಹಿರಿಯನ ಮುಂದೆ ಎರಡನ್ನೂ ಹಚ್ಚಿ ತೋರಿಸಿದ. ಸವೆದದ್ದು ಟೇಪು, ನಿಮ್ಮ ಕಿವಿ ಅಲ್ಲ, ನೀವು ಹೇಳಿದ್ದೇ ನಿಜ ಎಂದು ಕೈಮುಗಿದು ಹೇಳಿದ. ಹಿರಿಯ ಎರಡನ್ನೂ ಕೇಳಿ ತಲೆಯಾಡಿಸಿದ. ಹೌದೆಂದನೋ, ನನ್ನನ್ನು ಸಮಾಧಾನ ಮಾಡಬೇಡ ಎಂದನೋ ತಿಳಿಯಲಿಲ್ಲ. ಗಿಟಾರನ್ನು ಮೊದಲಿನಂತೆ ಮಾಡಿಕೊಡುತ್ತೇನೆ ಎಂದಾಗ, ನಿನಗೆ ಸರಿ ಕಂಡಂತೆ ಮಾಡು ಎಂದ.

ಯುವಕ ಮಾಡಿದ. ಈ ಸಲ ಅವಸರ ಮಾಡಲಿಲ್ಲ. ಮಗಳ ಕ್ಯಾಸೆಟ್ಟನ್ನು ಒಂದೇ ಸಲ ಹಚ್ಚಿ ಕೇಳಿ, ಅದರ ನಾದವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಪಿಕಪ್ಪಿನ ಎಳೆಯನ್ನು ತಾನೇ ಬಿಚ್ಚಿ ಸುತ್ತಿದ. ತಂತಿಗಳನ್ನು ಬಿಗಿದ. ಒಂದು ಸಾಲು ನುಡಿಸಿ ನೋಡಿದ. ಹಳೆಯ ನಾದ ಬಂತು, ಯಾವ ಕೊರತೆಯೂ ಇರಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಗಿ ಗಿಟಾರನ್ನು ಹಿರಿಯನ ಮಡಿಲಲ್ಲಿ ಇಟ್ಟ. ಮಗಳೂ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

ಹಿರಿಯ ನುಡಿಸಿದ. ಒಂದು ಸಾಲು ನುಡಿಸಿ ನಿಲ್ಲಿಸಿದ. ಕಣ್ಣು ಮುಚ್ಚಿ ನುಡಿಸುತ್ತಿದ್ದವನು ಕಣ್ಣು ಬಿಟ್ಟೇ ಇದ್ದ. ತಲೆ ಎತ್ತಿ ಯುವಕನ ಮುಖ ನೋಡಿದ. ಯುವಕ ಹೌದೆಂದು ತಲೆಯಾಡಿಸಿದ. ಇನ್ನೊಂದು ಸಾಲು ನುಡಿಸಿ ಮತ್ತೆ ನಿಲ್ಲಿಸಿ ಅವನ ಮುಖ ನೋಡಿದ. ಯುವಕ ಮತ್ತೆ ತಲೆಯಾಡಿಸಿದ. ಬಾಗಿಲಲ್ಲಿದ್ದ ಮಗಳು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಮೂರನೆಯ ಸಾಲಿನ ನಡುವೆಯೇ ಹಿರಿಯನ ಕೈ ನಿಂತಿತು.

"ಸರಿ ಬಂತೇನಪಾ?" ಎಂದು ಅವನು ಕೇಳಿದ. "ನೀ ಹೂಂ ಅಂದ್ರ ಮುಂದ ಬಾರಸ್ತೀನಿ."

ಮಾಸ್ತರರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಆ ಯುವಕ ಮುಂದೇನು ಮಾಡಿದ ಎಂದು ಶಿಷ್ಯರಲ್ಲಿ ಒಬ್ಬನು ಕೇಳಿದ. ಬಸವಂತನ ಕೈಯಲ್ಲಿ ಮೊಬೈಲು ಇನ್ನೂ ಇತ್ತು. ಅದರ ಬೆಳಕು ಆರಿತ್ತು. ಅವನು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿರಲಿಲ್ಲ. ಮೊಬೈಲನ್ನು ಜೇಬಿಗೆ ಹಾಕಬೇಕೋ ಕೈಯಲ್ಲೇ ಇಟ್ಟುಕೊಳ್ಳಬೇಕೋ ತೋಚದೆ ಕೂತ.

ಮಾಸ್ತರರು ಗೋಡೆಗೆ ಒರಗಿಸಿದ್ದ ಗಿಟಾರನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ನಿನ್ನೆಯ ಅದೇ ಸಾಲಿಗೆ ಬೆರಳು ಇಟ್ಟರು. ನುಡಿಸಲಿಲ್ಲ. ತಲೆ ಎತ್ತಿ ಬಸವಂತನ ಮುಖ ನೋಡಿ ಕೇಳಿದರು:

"ಹೇಳಪಾ ಬಸವಂತ, ಯಾವ ರೀತಿ ಬಾರಸ್ಲಿ?"