ನಾಲ್ಕು ವಡೆಯ ಕಾವಲಿ

ಒಂದಾನೊಂದು ಕಾಲದಲ್ಲಿ, ಕಡಲ ದಂಡೆಯ ಮರಳುಕೋಡಿ ಅನ್ನೋ ಊರಲ್ಲಿ, ಒಂದು ಮಾತು ಕುದುರಿತ್ತಂತೆ. ಅಳಿವೆ ಬಾಯಲ್ಲಿ ಕೂತ ರಾಕ್ಷಸಿಯನ್ನು ಅಕ್ಕಣಿ ಎಬ್ಬಿಸಿದರೆ ಊರಿನ ಹನ್ನೆರಡು ದೋಣಿಯಿಂದ ದಿನಕ್ಕೆ ಒಂದೊಂದು ಮೀನು ಅವಳಿಗೆ. ಎಬ್ಬಿಸೋಕೆ ಆಗದಿದ್ದರೆ ಅವಳು ಮೀನು ಒಣಗಿಸೋ ಅಂಗಳ ಊರ ಗುರಿಕಾರನಿಗೆ. ಮೊದಲೇ ಹೇಳಿಬಿಟ್ಟೆ ನೋಡು, ನಡುವೆ ಎದ್ದು ಕೂತು ಯಾಕೆ ಏನು ಅನ್ನಬೇಡ. ಮಗ್ಗುಲಾಗಿ ಮಲಗು, ಹೂಂ ಅನ್ನು.

ಅಕ್ಕಣಿ ಒಣಮೀನಿನ ವ್ಯಾಪಾರದವಳಂತೆ. ಗಂಡ ತೀರಿಹೋಗಿದ್ದ, ಮಕ್ಕಳಿಲ್ಲ, ಮನೆಯಲ್ಲಿ ಅವಳು, ಅವಳ ಅತ್ತೆ ಬೂದಕ್ಕ, ಇಬ್ಬರೇ. ಬೂದಕ್ಕನ ಬಾಯಲ್ಲಿ ಉಳಿದದ್ದು ಎರಡೇ ಹಲ್ಲು, ಅವೂ ಜಗಳ ಆಡಿಕೊಂಡ ವಾರಗಿತ್ತಿಯರ ಹಾಗೆ ಒಂದು ಮೇಲೆ ಬಲಕ್ಕೆ, ಇನ್ನೊಂದು ಕೆಳಗೆ ಎಡಕ್ಕೆ. ಆದರೂ ಮೀನಿಲ್ಲದೆ ಅನ್ನ ಒಳಗೆ ಇಳಿಯದು. ಅದಕ್ಕೇ ಅಕ್ಕಣಿ ದಿನಾ ಮಧ್ಯಾಹ್ನ ಗೇಣಗಲದ ಕಾವಲಿಯಲ್ಲಿ ಮೀನಿನ ವಡೆ ನಾಲ್ಕು ಸುಡ್ತಿದ್ದಳಂತೆ, ಅತ್ತೆಗೆ ಎರಡು, ತನಗೆ ಎರಡು. ಅತ್ತೆ ತಿಂದು ಮುಗಿಸಿ, ನಿನ್ನೆಯದೇ ಚೆನ್ನಾಗಿತ್ತು ಅಂತಿದ್ದಳಂತೆ. ನಿನ್ನೆಯೂ ಅದನ್ನೇ ಅಂದಿದ್ದಳು.

ಹೀಗಿರೋವಾಗ ಒಂದು ಬೆಳಿಗ್ಗೆ ಬೆಟ್ಟದಷ್ಟು ದೊಡ್ಡ ರಾಕ್ಷಸಿಯೊಬ್ಬಳು ಬಂದು, ಹೊಳೆ ಕಡಲಿಗೆ ಸೇರೋ ಅಳಿವೆ ಬಾಯಿಗೆ ಅಡ್ಡ ಕೂತುಬಿಟ್ಟಳಂತೆ. ದೋಣಿ ಹೊರಗೆ ಹೋಗೋ ಹಾಗಿಲ್ಲ. ಮುನ್ನೂರು ವರ್ಷ ಕಂಡಕಂಡದ್ದು ಕಡಿದು ಅವಳ ಹಲ್ಲೆಲ್ಲ ಉದುರಿಹೋಗಿತ್ತಂತೆ. ನನಗೆ ಮೀನು ಬೇಕು, ಮುಳ್ಳಿರಬಾರದು, ಅಗಿಯೋ ಕೆಲಸ ಇರಬಾರದು, ಹೊಟ್ಟೆ ತುಂಬಬೇಕು, ಈ ಮೂರೂ ಆದರೆ ಏಳ್ತೀನಿ ಅಂದಳಂತೆ.

ಮೊದಲು ಹೊರಟವನು ಗುರಿಕಾರ. ಮೀನುಗಾರರ ಯಜಮಾನ, ಕೈ ದೊಡ್ಡದು, ಬುದ್ಧಿ ಅಷ್ಟಕ್ಕಷ್ಟೆ. ಊರಲ್ಲಿದ್ದ ಬಂಗುಡೆಯನ್ನೆಲ್ಲ ಗರಿಗರಿ ಹುರಿಸಿ ಬುಟ್ಟಿಗಟ್ಟಲೆ ಕಳಿಸಿದ. ರಾಕ್ಷಸಿ ಬಾಯಿಗೆ ಸುರಕೊಂಡಳು, ಮುಳ್ಳು ವಸಡಿಗೆ ಚುಚ್ಚಿತು, ಅಮ್ಮಾ ಅಂತ ಅಳೋಕೆ ಶುರು ಮಾಡಿದಳಂತೆ. ಆ ಕಣ್ಣೀರಿಗೆ ಹೊಳೆ ಉಕ್ಕಿ ಗುರಿಕಾರನ ಕೊಟ್ಟಿಗೆ ತೇಲಿಕೊಂಡು ಹೋಯ್ತಂತೆ, ಹಸು ಮಾತ್ರ ಈಜಿ ವಾಪಸ್ ಬಂತು.

ಆಮೇಲೆ ಹೊರಟವನು ಮದುವೆ ಅಡುಗೆಯ ಸೂರಣ್ಣ. ಅವನಿಗೆ ಐನೂರು ಜನಕ್ಕಿಂತ ಕಡಿಮೆ ಅಡುಗೆ ಮಾಡೋಕೇ ಬರ್ತಿರಲಿಲ್ಲವಂತೆ, ತನ್ನ ಮನೇಲಿ ಹೆಂಡತಿಗೆ ಜ್ವರ ಬಂದಾಗ ಒಂದು ಹಂಡೆ ಗಂಜಿ ಕಾಯಿಸಿದ ಆಸಾಮಿ. ನಾನು ವಡೆ ಮಾಡ್ತೀನಿ ಅಂತ ಹೊರಟು, ಮೀನಿಗೆ ತೆಂಗಿನಕಾಯಿ ಚೂರು, ಹಸಿ ಈರುಳ್ಳಿ ಎಲ್ಲ ಸೇರಿಸಿ, ಮೊರದಗಲ ತಟ್ಟಿ, ಧಗಧಗ ಉರಿಯಲ್ಲಿ ಕರಿದ. ಹೊರಗೆ ಕಪ್ಪು, ಒಳಗೆ ಹಸಿ. ರಾಕ್ಷಸಿ ಒಂದನ್ನು ವಸಡಲ್ಲಿ ಹತ್ತು ಸಲ ಅದುಮಿದಳು, ಅದು ಮುರಿಯಲಿಲ್ಲ, ಉಗಿದಳು. ಅದು ಹಾರಿಬಂದು ಗುರಿಕಾರನ ಮನೆ ಹಂಚಿನ ಮೇಲೆ ಬಿತ್ತಂತೆ. ಹಂಚು ಒಡೀತು, ವಡೆಗೆ ಏನೂ ಆಗಲಿಲ್ಲ.

ಎಂಟು ದಿನ ದೋಣಿ ಇಳಿಯಲಿಲ್ಲ. ಅಕ್ಕಣಿಯ ಮಳಿಗೆಯಲ್ಲಿ ಒಂದೇ ಬುಟ್ಟಿ ಒಣಮೀನು ಉಳೀತು, ಅದೂ ಖಾಲಿಯಾದರೆ ಅಂಗಡಿ ಮುಚ್ಚಬೇಕು. ಅಂಗಳದಲ್ಲಿ ಚಾಪೆ ಬರಿದು, ಕಾಗೆಗಳು ಕೂಡಾ ಬೇರೆ ಊರಿಗೆ ಹೋದವಂತೆ. ಅವಳು ಎದ್ದು ಗುರಿಕಾರನ ಮನೆಗೆ ಹೋದಳು. ಹೋಗಿ, ನಾನು ಎಬ್ಬಿಸ್ತೀನಿ, ನನಗೆ ಏನು ಸಿಗುತ್ತೆ ಗುರಿಕಾರ್ರೇ ಅಂದಳಂತೆ.

ಊರಿನ ಕೆಲಸಕ್ಕೂ ಕೂಲಿ ಕೇಳ್ತೀಯಲ್ಲ ಅಕ್ಕಣಿ, ಅಂದ ಗುರಿಕಾರ.

ನೀವು ಪುಕ್ಕಟೆ ಮಾಡಿದ್ರಲ್ಲ, ಕೊಟ್ಟಿಗೆ ಎಲ್ಲಿದೆ ಈಗ?

ಗುರಿಕಾರ ದಿನಕ್ಕೆ ದೋಣಿಗೊಂದು ಮೀನು ಕೊಡಿಸ್ತೀನಿ ಅಂದ, ಆದರೆ ಬುಟ್ಟಿ ತಳದ್ದು ಅಂದ. ಬುಟ್ಟಿ ಮೇಲಿನದು, ನಾನೇ ಆರಿಸೋದು, ಅಂದಳು ಇವಳು. ಹಾಗಿದ್ರೆ ಸೋತರೆ ಅಂಗಳ ನನಗೆ ಅಂದ ಅವನು, ಅವನಿಗೆ ಆ ಅಂಗಳದ ಮೇಲೆ ಬಹಳ ದಿನದಿಂದ ಕಣ್ಣು. ಆಗಲಿ ಅಂದಳು ಅಕ್ಕಣಿ.

ಆಮೇಲೆ ಅವಳು ಹಿನ್ನೀರಲ್ಲಿ ಸಣ್ಣ ಬಲೆ ಬೀಸಿ ನಾಲ್ಕು ಕಾಣೆ ಮೀನು ಹಿಡಿದಳು. ಒಂದು ಸರ್ತಿಯ ನಾಲ್ಕು ವಡೆಗೆ ಎರಡು ಸಾಕು, ಆದರೆ ಅವಳು ವ್ಯಾಪಾರದವಳು ತಾನೇ, ಎರಡು ಮಾದರಿಗೆ, ಎರಡು ಸರಕಿಗೆ ಅಂತ ಬೇರೆ ಬೇರೆ ಕಟ್ಟಿದಳು. ಕಾವಲಿ, ಒಲೆಕಲ್ಲು, ಅವಲಕ್ಕಿ, ಕೊಬ್ಬರಿ ಎಣ್ಣೆ ಎಲ್ಲ ಪುಟ್ಟ ದೋಣಿಗೆ ಹಾಕಿ ಹೊರಡೋ ಹೊತ್ತಿಗೆ ನೋಡ್ತಾಳೆ, ಅತ್ತೆ ಆಗಲೇ ದೋಣಿಯಲ್ಲಿ ಕೂತಿದ್ದಾಳೆ.

ಅತ್ತೇ, ನೀವು ಯಾಕೆ? ಅದು ರಾಕ್ಷಸಿ.

ಮಧ್ಯಾಹ್ನ ಆಯ್ತಲ್ಲ ಹೆಣ್ಣೇ, ಕಾವಲಿ ಎಲ್ಲಿ ಹೋಗುತ್ತೋ ನಾನೂ ಅಲ್ಲಿಗೆ, ಅಂದಳಂತೆ ಬೂದಕ್ಕ.

ರಾಕ್ಷಸಿಯ ಕಾಲ್ಬೆರಳ ಪಕ್ಕದ ಮರಳಲ್ಲಿ ಒಲೆ ಹೂಡಿದಳು ಅಕ್ಕಣಿ. ಮೀನನ್ನು ಹಬೆಯಲ್ಲಿ ಬೇಯಿಸಿ, ಚರ್ಮ ತೆಗೆದು, ನಡುಮುಳ್ಳು ಎಳೆದು ಬಿಸಾಡಿ, ಉಳಿದ ಮಾಂಸವನ್ನು ಬೆರಳ ತುದೀಲಿ ಒಂದು ಸಲ ತಡವಿದಳು, ಎರಡು ಸಲ ತಡವಿದಳು, ಮೂರನೇ ಸಲ ಕಣ್ಣು ಮುಚ್ಚಿ ತಡವಿದಳಂತೆ, ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಸಿಗುತ್ತೆ ಅಂತ. ಆಮೇಲೆ ನೆನೆಸಿ ಹಿಂಡಿದ ಅವಲಕ್ಕಿ ಒಂದು ಹಿಡಿ, ಈರುಳ್ಳಿಯನ್ನು ಸಣ್ಣಗೆ ಕೊಚ್ಚಿ ಮೆತ್ತಗಾಗೋವರೆಗೆ ಬಾಡಿಸಿದ್ದು, ತುರಿದ ಶುಂಠಿ, ಮೆಣಸಿನ ಪುಡಿ, ಉಪ್ಪು, ಎಲ್ಲ ಸೇರಿಸಿ ನಾದಿ, ಒದ್ದೆ ಅಂಗೈಯಲ್ಲಿ ತಟ್ಟಿ, ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಬೇಯಿಸಿದಳು, ಮೇಲೆ ಗಟ್ಟಿ ಪದರ ಕಟ್ಟಬಾರದಲ್ಲ. ನಾಲ್ಕು ವಡೆ ಆಯ್ತು. ಬಾಯಲ್ಲಿ ನೀರು ಬಂತಾ? ಸುಮ್ಮನೆ ಮಲಗು, ನಾಳೆ ಮಾಡಿಕೊಡ್ತೀನಿ.

ರಾಕ್ಷಸಿ ಬೆರಳು ಚಾಚಿ ನಾಲ್ಕನ್ನೂ ನಾಲಿಗೆ ಮೇಲೆ ಹಾಕ್ಕೊಂಡಳಂತೆ. ಅದರಲ್ಲಿ ನನ್ನವೂ ಎರಡಿತ್ತಲ್ಲೇ ಅಂತ ಬೂದಕ್ಕ ಕೂಗಿಕೊಂಡಳು. ಯಾರು ಕೇಳಬೇಕು? ರಾಕ್ಷಸಿ ಕಣ್ಣು ಮುಚ್ಚಿದಳು, ಮುಳ್ಳಿಲ್ಲ ಅಂದಳು. ನಾಲಿಗೆ ಹೊರಳಿಸಿದಳು, ಅಗಿಯೋದೂ ಬೇಡ, ಕರಗಿತು ಅಂದಳು. ಆಮೇಲೆ ಕಣ್ಣು ಬಿಟ್ಟು, ಆದರೆ ಗಂಟಲಿಗೇ ಮುಟ್ಟಲಿಲ್ಲ, ಒಂದು ದೋಣಿ ತುಂಬ ಮಾಡಿ ತಾ ಅಂದಳಂತೆ.

ಅಕ್ಕಣಿಗೆ ಗೊತ್ತು, ದೋಣಿ ತುಂಬ ಮಾಡೋಕೆ ಹೋದರೆ ಬೆರಳು ಸೋಲುತ್ತೆ, ಮುಳ್ಳು ಉಳಿಯುತ್ತೆ, ತಳ ಹತ್ತುತ್ತೆ. ಸೂರಣ್ಣನ ಕತೆಯೇ ಆಗುತ್ತೆ, ಅಂಗಳ ಹೋಗುತ್ತೆ. ಹಾಗಂತಲೇ ಹೇಳಿದಳು, ಈ ವಡೆ ಒಬ್ಬರಿಗೋ ಇಬ್ಬರಿಗೋ ಅಷ್ಟೆ, ಜಾಸ್ತಿಗೆ ಬರಲ್ಲ ಅಂತ.

ಹಾಗಾದ್ರೆ ನಿಮ್ಮಿಬ್ಬರನ್ನೇ ತಿಂತೀನಿ!

ಬೂದಕ್ಕನಿಗೆ ಮೊದಲೇ ಹಸಿವಿನ ಸಿಟ್ಟು. ಯಾವುದರಲ್ಲಿ ತಿಂತೀಯೇ ತಂಗಿ? ನನಗೆ ಎರಡು ಹಲ್ಲಾದರೂ ಇದೆ, ನಿನ್ನ ಬಾಯಿ ಖಾಲಿ ಗುಡಾಣ, ಅಂದಳಂತೆ.

ಹಾಗೇ ನುಂಗ್ತೀನಿ.

ನುಂಗು. ನಾಳೆ ವಡೆ ಯಾರು, ನಿನ್ನ ಅಜ್ಜ ಮಾಡ್ತಾನಾ?

ರಾಕ್ಷಸಿ ಯೋಚನೆಗೆ ಬಿದ್ದಳು. ಆಗ ಅಕ್ಕಣಿ ಕಾವಲಿ ಎತ್ತಿ ತೋರಿಸಿ, ನೋಡಕ್ಕ, ಈ ಕಾವಲಿ ದೊಡ್ಡದಾಗಲ್ಲ, ನಿನಗೆ ಸಣ್ಣದಾಗೋಕೆ ಬರುತ್ತಾ ಅಂತ ಕೇಳಿದಳಂತೆ. ರಾಕ್ಷಸಿಗೆ ಅವಮಾನ ಆಯ್ತು. ನನಗಾ? ಹುಲಿಯಾಗ್ತೀನಿ, ಸೊಳ್ಳೆಯಾಗ್ತೀನಿ, ಏನು ಬೇಕು ಹೇಳು ಅಂದಳು. ಸೊಳ್ಳೆಯಾದರೆ ವಡೆ ಮೈಮೇಲೆ ಬಿದ್ದು ಸಾಯ್ತೀಯ, ಹುಲಿಯಾದರೆ ನಾವು ಇಲ್ಲಿರಲ್ಲ, ನಮ್ಮ ಅತ್ತೆಯಷ್ಟಾಗು, ಎರಡು ವಡೆಗೆ ಹೊಟ್ಟೆ ತುಂಬೋ ಅಳತೆ ಅದು, ಅಂದಳು ಅಕ್ಕಣಿ.

ರಾಕ್ಷಸಿ ಒಂದು ಸಲ ಮೈ ಕೊಡವಿದಳಂತೆ. ಬೆಟ್ಟ ಹೋಯ್ತು, ಮರಳ ಮೇಲೆ ಒಬ್ಬಳು ಬೊಚ್ಚು ಬಾಯಿ ಮುದುಕಿ ಕುಕ್ಕುರುಗಾಲಲ್ಲಿ ಕೂತಿದ್ದಳು. ಅಕ್ಕಣಿ ಸರಕಿನ ಗಂಟು ಬಿಚ್ಚಿದಳು, ಮತ್ತೆ ನಾಲ್ಕು ವಡೆ, ಈ ಸಲ ಮುದುಕಿಯರಿಗೆ ಎರಡೆರಡು. ರಾಕ್ಷಸಿ ಎರಡನೇದು ಮುಗಿಸೋ ಹೊತ್ತಿಗೆ ಡರ್ ಅಂತ ತೇಗಿದಳು. ನಿನ್ನೆಯದೇ ಚೆನ್ನಾಗಿತ್ತು ಅಂದಳು ಬೂದಕ್ಕ, ವಾಡಿಕೆಯ ಹಾಗೆ.

ಅಷ್ಟರಲ್ಲಿ ಹಿಂದಿನಿಂದ ಭೋರ್ ಅಂತ ಸದ್ದು. ನೋಡಿದರೆ ಹೊಳೆ ನೀರು ಕಡಲಿಗೆ ನುಗ್ತಾ ಇದೆ, ಅದರ ಮೇಲೆ ಹನ್ನೆರಡು ದೋಣಿ ಹುಯ್ಯೋ ಅಂತ ಹೊರಟಿವೆ. ರಾಕ್ಷಸಿ ಎದೆ ಬಡ್ಕೊಂಡಳಂತೆ, ಮೋಸ, ಮೋಸ!

ಮೋಸ ಎಲ್ಲಿ ಬಂತು ಅಂದಳು ಅಕ್ಕಣಿ. ನೀನು ಕೇಳಿದ ಮೂರೂ ಕೊಟ್ಟೆ. ಬೇಕಿದ್ದರೆ ಮತ್ತೆ ದೊಡ್ಡದಾಗಿ ಅಲ್ಲೇ ಕೂರು, ನನ್ನದೇನು ತಕರಾರಿಲ್ಲ. ನಿನ್ನ ಜೊತೆ ಹಸಿವೂ ಬೆಳೆಯುತ್ತೆ, ಕಾವಲಿ ಮಾತ್ರ ಇಷ್ಟೇ ಇರುತ್ತೆ.

ರಾಕ್ಷಸಿ ಅಳಿವೆ ನೋಡಿದಳು, ಕಾವಲಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳಂತೆ, ನಾಳೆಗೂ ಕಾಣೆ ಮೀನೇನಾ?

ಬಿಟ್ಟಿ ಕೂರಿಸಿ ಹಾಕೋ ಹೆಂಗಸಲ್ಲ ಅಕ್ಕಣಿ. ಅಂಗಳದಲ್ಲಿ ಕೂತು ಒಣಮೀನಿಗೆ ಬರೋ ಕಾಗೆ ಓಡಿಸ್ತೀಯಾ ಅಂತ ಕೇಳಿದಳು, ರಾಕ್ಷಸಿ ಹೂಂ ಅಂದಳು. ಅವಳು ಒಂದು ಸಲ ಹೂಂಕರಿಸಿದರೆ ಸಾಕು, ಮೂರು ಊರಾಚೆವರೆಗೆ ಕಾಗೆ ಸುಳಿಯಲ್ಲವಂತೆ. ಬೂದಕ್ಕ ಅವಳ ಪಕ್ಕ ಕೂತು ಸೊಸೆಯ ತಪ್ಪುಗಳನ್ನು ಒಂದೊಂದಾಗಿ ಹೇಳ್ತಿದ್ದಳು, ಅವಳು ಒಂದೊಂದಕ್ಕೂ ಅಯ್ಯೋ ಅಂತಿದ್ದಳು.

ಹೂಂ ಅನ್ನೋದು ನಿಲ್ಲಿಸಿದೆಯಲ್ಲ, ನಿದ್ದೆ ಬಂತೇನೋ. ಕತೆ ಮುಗೀತು, ಇನ್ನು ಉಳಿದದ್ದು ಲೆಕ್ಕ. ಬಂದದ್ದು ದಿನಕ್ಕೆ ಹನ್ನೆರಡು ಮೀನು, ಬುಟ್ಟಿಯ ಮೇಲಿನವು. ಅಂಗಳ ಅವಳದ್ದೇ ಉಳೀತು. ಕಾಗೆ ತಿಂದ ಮೀನು ಒಂದೂ ಇಲ್ಲ. ಅತ್ತೆಯ ದೂರು ಕೇಳೋಕೆ ಒಬ್ಬಳು ಸಿಕ್ಕಿದಳು, ಅಕ್ಕಣಿಯ ಕಿವಿ ಎರಡೂ ಬಿಡುವಾದವು. ಖರ್ಚು, ಆರು ವಡೆ ಹಿಡಿಸೋ ಹೊಸ ಕಾವಲಿ ಒಂದು, ಅದನ್ನೂ ಅವಳು ಗುರಿಕಾರನ ಕೈಯಿಂದಲೇ ಕೊಡಿಸಿಕೊಂಡಳಂತೆ.